ಆಷಾಢದಲ್ಲಿ ಒಂದು ಕಿರುಚಿತ್ರ: ಕಲಬುರಗಿಯಿಂದ ದೆಹಲಿ ಸ್ಪರ್ಧೆಗೆ ಕಳಿಸುವ ಬಗೆ

ಆಷಾಢ ಬಂತೆಂದರೆ ನನ್ನ ಎರಡೂ ಕ್ಯಾಮೆರಾಗಳಿಗೆ ರಜೆ. ಮದುವೆ ಇಲ್ಲ, ಜವಳ ಇಲ್ಲ, ಗೃಹಪ್ರವೇಶ ಇಲ್ಲ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ನನ್ನ ಸ್ಟುಡಿಯೋಗೆ ಆ ತಿಂಗಳು ಪಾಸ್‌ಪೋರ್ಟ್ ಫೋಟೋದವರು ಬಿಟ್ಟರೆ ಯಾರೂ ಬರುವುದಿಲ್ಲ. ಹದಿನೇಳು ವರ್ಷ ಮದುವೆ ವಿಡಿಯೋ ಮಾಡಿದವನು ಅಂಥ ಒಂದು ಆಷಾಢದಲ್ಲಿ ಸುಮ್ನೆ ಕೂರಲಾಗದೆ ಒಂದು ಕಿರುಚಿತ್ರ ಮಾಡಿದೆ. ಅದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಸ್ಪರ್ಧೆಗೆ ಕಳಿಸಿದೆ. ಮರುವರ್ಷ ಇನ್ನೊಂದು ಮಾಡಿ ಕಳಿಸಿದೆ. ಎರಡಕ್ಕೂ ಬಹುಮಾನ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಅಲ್ವಾ?

ಆದರೂ ಆಳಂದ, ಸೇಡಂ, ಜೇವರ್ಗಿ ಕಡೆಯ ಹುಡುಗರು ಫೋನ್ ಮಾಡುತ್ತಾರೆ. 'ಅಣ್ಣಾ, ಹ್ಯಾಂಗ ಕಳಸೂದು ಹೇಳ್ರೀ' ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವಷ್ಟರಲ್ಲಿ ನನ್ನ ಚಹಾ ಆರಿಹೋಗುತ್ತದೆ. ಅದಕ್ಕೇ ಎಲ್ಲ ಒಂದೇ ಸಲ ಬರೆದಿಡುತ್ತಿದ್ದೇನೆ.

ಎರಡು ಬಾಗಿಲು

'ನ್ಯಾಷನಲ್ ಅವಾರ್ಡ್' ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ. 1954ರಿಂದ ನಡೆದು ಬಂದದ್ದು. ಅದರ ನಾನ್ ಫೀಚರ್ ವಿಭಾಗದಲ್ಲಿ 30 ನಿಮಿಷದೊಳಗಿನ ಕಿರುಚಿತ್ರಕ್ಕೂ ಒಂದು ಪ್ರಶಸ್ತಿ ಇದೆ. ಕನ್ನಡದವರು ಅಲ್ಲಿ ಗೆದ್ದಿದ್ದಾರೆ. 2024ರ ಆಗಸ್ಟ್‌ನಲ್ಲಿ 70ನೇ ಪ್ರಶಸ್ತಿಗಳನ್ನು ಘೋಷಿಸಿದಾಗ 'ಮಧ್ಯಂತರ' ಎಂಬ ಕನ್ನಡ ಕಿರುಚಿತ್ರಕ್ಕೆ ಎರಡು ಬಂದವು. ಚೊಚ್ಚಲ ನಿರ್ದೇಶನಕ್ಕೆ ಬಸ್ತಿ ದಿನೇಶ್ ಶೆಣೈ ಅವರಿಗೆ, ಸಂಕಲನಕ್ಕೆ ಸುರೇಶ್ ಅರಸ್ ಅವರಿಗೆ.

ಆದರೆ ಆ ಬಾಗಿಲಿಗೆ ಹೋಗುವ ಮೊದಲು ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಯಾವ ವರ್ಷದ ಪ್ರಶಸ್ತಿಯೋ ಆ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಅದು ಕೈಗೆ ಬಂದಿರಬೇಕು. ನಮಗೆ ಸೆನ್ಸಾರ್ ಅಂದರೆ ಬೆಂಗಳೂರಿನ ಪ್ರಾದೇಶಿಕ ಕಚೇರಿ. ಅರ್ಜಿ ಆನ್‌ಲೈನ್ ಆಗಿದೆ, ಆದರೆ ದಾಖಲೆಗಳು ಜಾಸ್ತಿ. ಚಿತ್ರದಲ್ಲಿ ಎತ್ತು, ಆಡು, ನಾಯಿ ಏನಾದರೂ ಬಂದರೆ ಪ್ರಾಣಿ ಕಲ್ಯಾಣ ಮಂಡಳಿಯನ್ನೂ ಕೇಳಬೇಕು, ಅದೂ ಶೂಟಿಂಗ್‌ಗೆ ಮೊದಲೇ. ಅಫಜಲಪುರದ ನನ್ನ ಗೆಳೆಯನೊಬ್ಬ ಕಾರಹುಣ್ಣಿಮೆಯ ಎತ್ತುಗಳನ್ನು ಚೆಂದಾಗಿ ತೆಗೆದಿದ್ದ. ಆಮೇಲೆ ಈ ವಿಷಯ ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂತ. ಬೀಡಿ ಸೇದುವ ದೃಶ್ಯ ಇದ್ದರೆ ತಂಬಾಕಿನ ಎಚ್ಚರಿಕೆಯನ್ನೂ ಸೇರಿಸಬೇಕು. ಮೊದಲ ಸಲ ಮಾಡುವವರು ಬೀಡಿಯನ್ನೂ ಎತ್ತನ್ನೂ ಕಥೆಯಿಂದಲೇ ಬಿಡುವುದು ವಾಸಿ.

ಎರಡನೇ ಬಾಗಿಲು ನಮಗೆ ಹತ್ತಿರದ್ದು. ಮಾನವ ಹಕ್ಕುಗಳ ಆಯೋಗ 2015ರಿಂದ ಪ್ರತಿ ವರ್ಷ ಕಿರುಚಿತ್ರ ಸ್ಪರ್ಧೆ ನಡೆಸುತ್ತಿದೆ. ಕಡಿಮೆ ಅಂದರೆ 3 ನಿಮಿಷ, ಜಾಸ್ತಿ ಅಂದರೆ 10 ನಿಮಿಷ. ಭಾರತದ ಯಾವ ಭಾಷೆಯಾದರೂ ನಡೆಯುತ್ತದೆ, ಇಂಗ್ಲಿಷ್ ಸಬ್‌ಟೈಟಲ್ ಮಾತ್ರ ಬೇಕೇ ಬೇಕು. ಸಾಕ್ಷ್ಯಚಿತ್ರ, ಕಟ್ಟಿದ ಕಥೆ, ಅನಿಮೇಷನ್, ಏನಾದರೂ ಸರಿ. ಪ್ರವೇಶ ಶುಲ್ಕ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಮೊದಲ ಬಹುಮಾನ 2 ಲಕ್ಷ, ಎರಡನೆಯದು ಒಂದೂವರೆ ಲಕ್ಷ, ಮೂರನೆಯದು 1 ಲಕ್ಷ ರೂಪಾಯಿ. ನನ್ನಂಥ ಒಬ್ಬ ವಿಡಿಯೋದವನು ಮನೆಯಲ್ಲಿ ಕೂತು ಕಳಿಸಬಹುದಾದದ್ದು ಇದು. ಮುಂದೆ ಹೇಳುವುದೆಲ್ಲ ಇದರ ಬಗ್ಗೆಯೇ.

ನಿಮ್ಮ ಓಣಿಯಲ್ಲೇ ಹುಡುಕಿ

ಆಯೋಗ ಹುಟ್ಟಿದ್ದು 1993ರ ಕಾಯ್ದೆಯಿಂದ. ಆ ಕಾಯ್ದೆ ಮಾನವ ಹಕ್ಕು ಎಂದರೆ ಜೀವ, ಸ್ವಾತಂತ್ರ್ಯ, ಸಮಾನತೆ, ಘನತೆ ಅನ್ನುತ್ತದೆ. ಈ ನಾಲ್ಕು ಮಾತು ಓದಿದ ಕೂಡಲೇ ಹುಡುಗರು ಭಾಷಣ ಬರೆಯಲು ಕೂರುತ್ತಾರೆ. ನಾನೂ ಹಾಗೇ ಮಾಡಿದ್ದೆ. ನನ್ನ ಮೊದಲ ಚಿತ್ರ ಶಹಾಬಾದಿನ ಫರಸಿ ಕಲ್ಲಿನ ಕೆಲಸದವರ ಬಗ್ಗೆ. ವಿಷಯ ಗಟ್ಟಿಯೇ. ಕಲ್ಲು ಪಾಲಿಶ್ ಮಾಡುವಾಗ ಏಳುವ ಧೂಳು ಎದೆಗೆ ಏನು ಮಾಡುತ್ತದೆ ಅಂತ ಆ ಕಡೆಯವರಿಗೆ ಯಾರೂ ಹೇಳಬೇಕಿಲ್ಲ. ಆದರೆ ನನ್ನ ಚಿತ್ರದಲ್ಲಿ ಒಬ್ಬ ಮನುಷ್ಯನೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಗಣಿಯ ಮೇಲೆ ಡ್ರೋನ್ ಹಾರಿಸಿದ್ದೆ, ಸ್ಲೋ ಮೋಷನ್‌ನಲ್ಲಿ ಸುತ್ತಿಗೆ ಬೀಳಿಸಿದ್ದೆ, ಹಿಂದೆ ಕೊಳಲು ಹಾಕಿದ್ದೆ. ಮದುಮಗಳಿಗೆ ಹಾಕುತ್ತಿದ್ದ ಮಸಾಲೆಯನ್ನೆಲ್ಲ ಕಲ್ಲಿಗೆ ಹಾಕಿದ್ದೆ.

ಗೆದ್ದ ಚಿತ್ರಗಳು ಆಯೋಗದ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಕಥೆ ಬರೆಯುವ ಮೊದಲು ನಾಲ್ಕಾರು ನೋಡಿ. 2024ರ ಮೊದಲ ಬಹುಮಾನ ಕಾಶ್ಮೀರದ ದೂಧ್ ಗಂಗಾ ಎಂಬ ಹೊಳೆ ಹೊಲಸಾದ ಬಗ್ಗೆ ಮಾಡಿದ ಚಿತ್ರಕ್ಕೆ ಬಂತು. ಒಂದು ಹೊಳೆ, ಅಷ್ಟೇ. ನಮಗೆ ಭೀಮಾ ಇಲ್ವಾ, ಕಾಗಿಣಾ ಇಲ್ವಾ?

ನನ್ನ ಎರಡನೇ ಕಥೆ ಸಿಕ್ಕಿದ್ದು ಪಕ್ಕದ ಮನೆಯಲ್ಲಿ. ಅಲ್ಲೊಬ್ಬ ಆಯಿ ಇದ್ದಾಳೆ. ವಯಸ್ಸು ಕೇಳಿದರೆ 'ಬರಗಾಲದಾಗ ನಡೀಲತ್ತಿದ್ದೆ' ಅನ್ನುತ್ತಾಳೆ, ಯಾವ ಬರಗಾಲ ಅಂತ ಹೇಳುವುದಿಲ್ಲ. ನಲವತ್ತು ವರ್ಷ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದವಳು. ಹಿಟ್ಟು ಉಜ್ಜಿ, ಬಿಸಿ ತವೆ ಮುಟ್ಟಿ ಅವಳ ಬೆರಳ ತುದಿ ನುಣ್ಣಗಾಗಿದೆ. ರೇಷನ್ ಅಂಗಡಿಯಲ್ಲಿ ಮಷಿನ್ ಮೇಲೆ ಹೆಬ್ಬಟ್ಟು ಇಟ್ಟರೆ ಅದು ಓದುವುದಿಲ್ಲ. ನಮ್ಮ ಕಡೆ ಅದಕ್ಕೆ 'ಬಟ್ಟ ಹತ್ತವಲ್ದು' ಅನ್ನುತ್ತಾರೆ, ಬಟ್ಟ ಅಂದರೆ ಬೆರಳು. ಅವತ್ತು ಅವಳು ಖಾಲಿ ಚೀಲ ಮಡಚಿ ಬಗಲಲ್ಲಿ ಇಟ್ಟುಕೊಂಡು ಬರುವುದನ್ನು ನೋಡಿದೆ. ಅಷ್ಟೇ ಸಾಕಾಯಿತು.

ನಿಮಗೂ ಇದನ್ನೇ ಹೇಳುವುದು. ಒಬ್ಬ ಮನುಷ್ಯ, ಒಂದು ದಿನ, ಒಂದು ಅಡ್ಡಿ. ಹತ್ತು ನಿಮಿಷದಲ್ಲಿ ಇದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಹತ್ತು ನಿಮಿಷ ಅಂದರೆ ಹತ್ತು ನಿಮಿಷವನ್ನೂ ತುಂಬಿಸಬೇಕು ಅಂತಲ್ಲ. ಹೆಸರುಗಳು ಓಡುವ ಭಾಗವನ್ನೂ ಸೇರಿಸಿ ಎಂಟು ನಿಮಿಷಕ್ಕೆ ಕಟ್ಟಿ. ಎಡಿಟಿಂಗ್‌ನಲ್ಲಿ ಉಸಿರಾಡಲು ಜಾಗ ಇರುತ್ತದೆ.

ಮಾತಿನ ಬಗ್ಗೆ ಒಂದು ಮಾತು. ಸ್ಪರ್ಧೆ ದೆಹಲಿಯದು ಅಂತ ಆಯಿಯ ಬಾಯಲ್ಲಿ ಪುಸ್ತಕದ ಕನ್ನಡ ಇಡಬೇಡಿ. ನಮ್ಮ ಬಸ್ ಸ್ಟ್ಯಾಂಡ್‌ನಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ, ದಖನಿ, ಮರಾಠಿ, ತೆಲುಗು, ಲಂಬಾಣಿ ಎಲ್ಲ ಕಿವಿಗೆ ಬೀಳುತ್ತವೆ. ಯಾರು ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡಲಿ. ನನ್ನ ಚಿತ್ರದ ಅಂಗಡಿಯವನು ಆಯಿಗೆ ಕನ್ನಡದಲ್ಲಿ, ಹಿಂದೆ ನಿಂತವನಿಗೆ ದಖನಿಯಲ್ಲಿ ಮಾತಾಡುತ್ತಾನೆ. ಕಲಬುರಗಿಯಲ್ಲಿ ಯಾವ ಅಂಗಡಿಯವನು ಹಾಗೆ ಮಾಡುವುದಿಲ್ಲ?

ಒಪ್ಪಿಗೆ ಪತ್ರ ಮೊದಲು

ಕ್ಯಾಮೆರಾ ಮುಂದೆ ಬರುವ ಎಲ್ಲರಿಂದಲೂ ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ. ಕನ್ನಡದಲ್ಲಿ ಬರೆಯಿರಿ, ಓದಲು ಬಾರದವರಿಗೆ ಜೋರಾಗಿ ಓದಿ ಹೇಳಿ. ಈ ಚಿತ್ರ ದೆಹಲಿಗೆ ಹೋಗುತ್ತದೆ, ಊರವರೂ ನೋಡಬಹುದು, ದುಡ್ಡು ಬಂದರೆ ಹೀಗೆ ಹಂಚುತ್ತೇವೆ, ಬರದಿದ್ದರೆ ಇಲ್ಲ. ಇಷ್ಟು ಸ್ಪಷ್ಟ ಇರಬೇಕು. ನಿಜವಾಗಿ ತೊಂದರೆ ಪಟ್ಟವರೇ ನಟಿಸುತ್ತಿದ್ದರೆ ಅವರಿಗೆ ನಾಳೆ ಏನಾದರೂ ಅಡಚಣೆ ಆಗಬಹುದಾ ಅಂತ ಅವರನ್ನೇ ಕೇಳಿ. ಆಯಿ ಹೇಳಿದ್ದು, 'ಅಂಗಡಿ ಹೆಸರು ಬ್ಯಾಡ ತಮ್ಮಾ, ನಾಳಿ ಮತ್ತ ನಾನೇ ಹೋಗಾಕಿ.' ಅದಕ್ಕೇ ನಮ್ಮ ಚಿತ್ರದ ಅಂಗಡಿ ನನ್ನ ಮಾವನ ಹಳೆಯ ಕಿರಾಣಿ ಅಂಗಡಿ, ಮಷಿನ್ ಮೊಬೈಲ್ ರಿಪೇರಿಯವನು ಕೊಟ್ಟ ಕೆಟ್ಟ ಡಬ್ಬಿ.

ಒಪ್ಪಿಗೆ ಪತ್ರಕ್ಕೆ ಆಯಿ ಹೆಬ್ಬಟ್ಟು ಒತ್ತಬೇಕಿತ್ತು. ಇಂಕ್ ಪ್ಯಾಡ್ ತಂದೆ. ಅವಳು ಒತ್ತಿದಳು. ಹಾಳೆ ಮೇಲೆ ಒಂದು ನೀಲಿ ಮಚ್ಚೆ ಬಿತ್ತು. ದುಂಡಗೆ, ತುಂಬಿಕೊಂಡು, ಒಳಗೆ ಒಂದೇ ಒಂದು ಗೆರೆ ಇಲ್ಲ. ನಾನು ಇನ್ನೊಮ್ಮೆ ಒತ್ತು ಅಂದೆ. ಮತ್ತೆ ಅದೇ ಮಚ್ಚೆ. ಪಕ್ಕದಲ್ಲಿ ಸಾಕ್ಷಿ ಹಾಕಿದ ಅವಳ ಮೊಮ್ಮಗನ ಹೆಬ್ಬಟ್ಟು ಇತ್ತು, ಅದರ ಗೆರೆ ಒಂದೊಂದೂ ಎಣಿಸಬಹುದಿತ್ತು. ಎರಡು ಗುರುತು, ಒಂದೇ ಹಾಳೆ. ನಾನು ಬರೆದಿಟ್ಟಿದ್ದ ಕೊನೆಯ ದೃಶ್ಯ ಹರಿದುಹಾಕಿದೆ. ಆ ಹಾಳೆಯೇ ಚಿತ್ರದ ಕೊನೆಯ ಶಾಟ್ ಆಯಿತು. ಅವತ್ತು ಒಪ್ಪಿಗೆ ಪತ್ರದ ಕೆಲಸವನ್ನು ಆಮೇಲೆ ನೋಡೋಣ ಅಂತ ಮುಂದೂಡಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

ಶೂಟಿಂಗ್: ಬಿಸಿಲು, ಕೂಲರ್, ರೊಟ್ಟಿ

ಒಳ್ಳೆಯ ಫೋನ್ ಇದ್ದರೂ ಸಾಕು. ಇನ್ನೊಂದು ಮಾತು ಅಂದರೆ ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಸಾಮಾನ್ಯ. ಹನ್ನೊಂದರ ಮೇಲೆ ಹೊರಗೆ ಹಿಡಿದರೆ ಫೋನ್ ಬಿಸಿಯಾಗಿ ತಾನೇ ನಿಂತುಬಿಡುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರ ಮೇಲೆ, ಅಷ್ಟೇ ಹೊರಗಿನ ಕೆಲಸ. ಡ್ರೋನ್ ಬೇಕೇ ಬೇಕು ಅನ್ನುವವರು ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ. 2019ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಕಲಬುರಗಿಯಲ್ಲಿ ಎಲ್ಲೆಂದರಲ್ಲಿ ಹಾರಿಸುವ ಹಾಗಿಲ್ಲ. ನನ್ನನ್ನು ಕೇಳಿದರೆ ಡ್ರೋನ್ ಮನೆಯಲ್ಲೇ ಇರಲಿ. ಆಕಾಶದಿಂದ ನೋಡಿದರೆ ಆಯಿಯ ಬೆರಳು ಕಾಣುವುದಿಲ್ಲ.

ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಶಬ್ದಕ್ಕೆ. ಮದುವೆ ವಿಡಿಯೋದಲ್ಲಿ ನಾವು ಶಬ್ದವನ್ನು ಕಿತ್ತು ಎಸೆದು ಹಾಡು ಹಾಕುತ್ತೇವೆ. ಅದೇ ಚಾಳಿ ಕಿರುಚಿತ್ರದಲ್ಲಿ ಮುಳುಗಿಸುತ್ತದೆ. ಸಿನಿಮಾ ಹಾಡನ್ನಂತೂ ಮುಟ್ಟಲೇಬೇಡಿ, ಹಕ್ಕು ನಿಮ್ಮದಲ್ಲ. ಯೂಟ್ಯೂಬಿನಲ್ಲಿ 'ಫ್ರೀ' ಅಂತ ಬರೆದದ್ದಕ್ಕೂ ಷರತ್ತು ಇರುತ್ತದೆ, ಓದಿ.

ನಾನು ಆಯಿಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಹಿಡಿಯಬೇಕು ಅಂತಿದ್ದೆ. ಕಾಲರ್ ಮೈಕ್ ಸೆರಗಿಗೆ ಸಿಕ್ಕಿಸಿದೆ, ಹೆಡ್‌ಫೋನ್ ಹಾಕಿಕೊಂಡೆ. ಕೇಳಿದ್ದು ಬರೀ 'ಗುಂಯ್'. ಎದುರು ಮನೆಯ ಕೂಲರ್. ಅದನ್ನು ಆರಿಸಲು ಕೇಳಿಕೊಂಡೆವು. ಆರಿದ ಕೂಡಲೇ ಅದರ ಹಿಂದಿನ ಮನೆಯ ಕೂಲರ್ ಕೇಳತೊಡಗಿತು. ಮೇ ತಿಂಗಳ ಕಲಬುರಗಿಯಲ್ಲಿ ಒಬ್ಬರ ಕೂಲರ್ ಬಂದ್ ಮಾಡಿಸುವುದು ಅಂದರೆ ಹೆಣ್ಣು ಕೇಳಿದಷ್ಟು ಕಷ್ಟ. ಕೊನೆಗೆ ಐದು ಮನೆಗೆ ಐಸ್‌ಕ್ರೀಂ ಕೊಡಿಸಿ ಇಪ್ಪತ್ತು ನಿಮಿಷ ಪಡೆದೆ. ಆ ಇಪ್ಪತ್ತು ನಿಮಿಷದಲ್ಲಿ ಆಯಿ ಒಂಬತ್ತು ರೊಟ್ಟಿ ಬಡಿದಳು. ಹಿಟ್ಟಿನ ಮೇಲೆ ಅಂಗೈ ಬೀಳುವ ಆ 'ಪಟ್ ಪಟ್ ಪಟ್', ನಡುವೆ ರೊಟ್ಟಿ ತಿರುಗಿಸುವಾಗ ಒಂದು ಸಣ್ಣ ತಡೆ, ಮತ್ತೆ 'ಪಟ್ ಪಟ್'. ಅದೇ ನಮ್ಮ ಚಿತ್ರದ ಸಂಗೀತ. ಬೇರೆ ಏನನ್ನೂ ಹಾಕಿಲ್ಲ.

ಹೊರಡುವ ಮೊದಲು ಎಲ್ಲರೂ ಬಾಯಿ ಮುಚ್ಚಿ ನಿಂತು ಆ ಕೋಣೆಯ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಎರಡು ಶಾಟ್ ಜೋಡಿಸುವಾಗ ಮಾತಿನ ನಡುವೆ ಗುಂಡಿ ಬಿದ್ದಂತೆ ಆಗುತ್ತದೆ. ಆ ಗುಂಡಿ ಮುಚ್ಚಲು ಇದು ಬೇಕು.

ಸಬ್‌ಟೈಟಲ್: ಅಸಲಿ ಕೆಲಸ ಇಲ್ಲಿದೆ

ಎಲ್ಲರೂ ಸಬ್‌ಟೈಟಲ್ ಅನ್ನು ಕೊನೆಯ ರಾತ್ರಿಗೆ ಬಿಡುತ್ತಾರೆ. ನಾನು ಮೊದಲ ಚಿತ್ರಕ್ಕೆ ಹಾಗೇ ಮಾಡಿದ್ದೆ, ಫೋನಿನ ಅನುವಾದದ ಆಪ್‌ಗೆ ಸಾಲು ಸಾಲಾಗಿ ಕೊಟ್ಟು. ಆ ಆಪ್‌ಗೆ ಶಹಾಬಾದಿನ ಮಾತು ಎಲ್ಲಿ ಗೊತ್ತಾಗಬೇಕು? 'ಫರಸಿ' ಅಂದದ್ದನ್ನು ಅದು ಪರ್ಷಿಯನ್ ಭಾಷೆ ಮಾಡಿಟ್ಟಿತ್ತು. ಕಾರ್ಮಿಕನೊಬ್ಬ ಪರ್ಷಿಯನ್ ಹೊತ್ತು ಸೊಂಟ ನೋವು ಬಂತು ಅಂತ ಹೇಳುತ್ತಾನೆ!

ದೆಹಲಿಯಲ್ಲಿ ನೋಡುವವರಿಗೆ ನಮ್ಮ ಕನ್ನಡ ಬರೀ ರಾಗ. ಮಾತು ಅಂದರೆ ಕೆಳಗೆ ಬರುವ ಎರಡು ಸಾಲು ಇಂಗ್ಲಿಷ್. ಆಯಿ ಎಷ್ಟೇ ಚೆಂದ ಮಾತಾಡಲಿ, ಅವರು ಕೇಳುವುದು ಆ ಎರಡು ಸಾಲನ್ನು. ಹಾಗಾಗಿ ಕಥೆ ಬರೆಯುವಾಗಲೇ ಪಕ್ಕದಲ್ಲಿ ಇಂಗ್ಲಿಷ್ ಬರೆಯಿರಿ. ಯಾವ ಸಾಲು ಇಂಗ್ಲಿಷಿನಲ್ಲಿ ಸಾಯುತ್ತದೋ ಆ ಸಾಲಿನ ಕೆಲಸವನ್ನು ಮುಖಕ್ಕೆ, ಕೈಗೆ ಒಪ್ಪಿಸಿ. ಎರಡು ಚಿತ್ರ ಮಾಡಿ ನಾನು ಕಲಿತದ್ದು ಇದೊಂದೇ.

ಒಂದು ಸಾಲಿನ ಕಥೆ ಹೇಳುತ್ತೇನೆ. ಮಷಿನ್ ಮೂರನೇ ಸಲ ಬೇಡ ಅಂದಾಗ ಆಯಿ ಅಂಗಡಿಯವನಿಗೆ ಹೇಳುತ್ತಾಳೆ: 'ಅಲ್ರೀ, ಬಟ್ಟ ಸವದಾವ. ಹೊಟ್ಟಿ ಸವದದೇನ್ರೀ?' ಇದು ನಾನು ಬರೆದದ್ದಲ್ಲ, ರಿಹರ್ಸಲ್‌ನಲ್ಲಿ ಅವಳ ಬಾಯಿಂದ ಬಂದದ್ದು. ನನ್ನ ಅಕ್ಕನ ಮಗಳು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮಾಡುತ್ತಿದ್ದಳು. ಅವಳು 'ಅಲ್ರೀ'ಗೆ 'ನೋ ಸರ್' ಅಂತ ಬರೆದಳು. ನಾನು ಇದು 'ನೋ' ಅಲ್ಲ ಅಂದೆ.

'ಅಲ್ರೀ ಅಂದ್ರ ಅಲ್ಲ ಅಂತನೇ ಅಲ್ಲೇನು, ಮಾಮಾ?'

'ನಿಮ್ಮವ್ವ ಅಲ್ರೀ ಅಂದ್ರ ನಿಮ್ಮಪ್ಪ ಹ್ಯಾಂಗ ಕೂಡ್ತಾರ ನೋಡೀಯಿಲ್ಲ?'

ನಕ್ಕಳು. 'ಅಲ್ರೀ' ಅಂದರೆ ಸ್ವಲ್ಪ ನಿಲ್ಲಿ, ನನ್ನ ಕಡೆ ನೋಡಿ, ಇದು ನ್ಯಾಯವಾ ಅಂತ. ಸಿಟ್ಟೂ ಇದೆ, ಮರ್ಯಾದೆಯೂ ಇದೆ. 'ಸರ್' ಹಾಕಿದರೆ ಆಯಿ ಬೇಡುವವಳಂತೆ ಕಾಣುತ್ತಾಳೆ. ಅವಳು ಬೇಡುತ್ತಿಲ್ಲ, ಕೇಳುತ್ತಿದ್ದಾಳೆ. ಎರಡು ಸಂಜೆ ಇದೇ ಜಗಳ. ಕೊನೆಗೆ ಶಾಟ್ ಮತ್ತೆ ಮತ್ತೆ ನೋಡಿದಾಗ ಕಂಡಿತು, 'ಅಲ್ರೀ' ಅನ್ನುವಾಗ ಆಯಿ ಕೈಯನ್ನು ಸ್ವಲ್ಪ ಮೇಲೆತ್ತಿ ಅಂಗೈ ತೋರಿಸುತ್ತಾಳೆ. ಅಷ್ಟರಲ್ಲೇ ಎಲ್ಲ ಇದೆ. ಸಬ್‌ಟೈಟಲ್‌ನಿಂದ ಆ ಪದವನ್ನೇ ತೆಗೆದೆವು. ಬೆರಳು ಸವೆದಿದೆ, ಹೊಟ್ಟೆ ಸವೆದಿದೆಯಾ ಅನ್ನುವುದಷ್ಟೇ ಸಣ್ಣ ಇಂಗ್ಲಿಷಿನಲ್ಲಿ ಉಳಿಯಿತು.

ಇನ್ನು ಕೈಕೆಲಸದ ಮಾತು. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ, ಒಂದು ಸಾಲಿನಲ್ಲಿ ನಲವತ್ತರ ಆಸುಪಾಸು ಅಕ್ಷರ. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ತೋರಿಸಿದರೆ ಓದಲು ಆಗುವುದಿಲ್ಲ. ಮಾತು ಶುರುವಾಗುವ ಮೊದಲೇ ಸಾಲು ಬಂದರೆ ಗುಟ್ಟು ರಟ್ಟಾಗುತ್ತದೆ. ಬಿಳಿ ಅಕ್ಷರ, ಸುತ್ತ ತೆಳ್ಳನೆಯ ಕಪ್ಪು ಅಂಚು. ಜೋಳದ ಹಿಟ್ಟಿನ ಮೇಲೆ ಬರೀ ಬಿಳಿ ಅಕ್ಷರ ಹಾಕಿ ನಾನು ಒಂದು ಇಡೀ ದೃಶ್ಯದ ಮಾತು ಕಳೆದುಕೊಂಡಿದ್ದೆ. ಸಬ್‌ಟೈಟಲ್ ಎಡಿಟ್, ಡಾವಿಂಚಿ ರಿಸಾಲ್ವ್ ಅನ್ನುವ ಎರಡು ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತವೆ, ಎರಡರಲ್ಲೂ ಇದನ್ನು ಮಾಡಬಹುದು. ಕೊನೆಗೆ ಸಾಲುಗಳನ್ನು ಚಿತ್ರದೊಳಗೇ ಅಚ್ಚು ಹಾಕಿ ಒಂದೇ ಫೈಲ್ ಮಾಡಿ. ಬೇರೆ ಫೈಲ್ ಕೊಟ್ಟರೆ ಅದು ಎಲ್ಲಿ ಉಳಿಯುತ್ತದೋ ಯಾರಿಗೆ ಗೊತ್ತು.

ಕಳಿಸುವ ಮೊದಲು

ಮೊದಲು ಚಿತ್ರದಲ್ಲಿರುವವರಿಗೇ ತೋರಿಸಿ. ನಾವು ಆಯಿಯ ಮನೆ ಗೋಡೆಗೆ ಪ್ರೊಜೆಕ್ಟರ್ ಬಿಟ್ಟು ತೋರಿಸಿದೆವು. ಓಣಿಯವರೆಲ್ಲ ನೆಲದ ಮೇಲೆ ಕೂತಿದ್ದರು. ನನ್ನ ಎಡಿಟರ್, ಅಕ್ಕನ ಮಗಳು, ನಾನು, ಮೂವರೂ ಅದನ್ನು ನೂರು ಸಲ ನೋಡಿದ್ದೆವು. ಯಾರಿಗೂ ಕಾಣದ ತಪ್ಪು ಆಯಿಗೆ ಕಂಡಿತು. 'ತಮ್ಮಾ, ಅಕ್ಕಿ ಇಸ್ಕೊಳ್ಳಾಕ ಹೊಂಟೀನಿ. ಚೀಲ ಯಾಕ ತುಂಬ್ಯಾದ?' ಎರಡನೇ ದಿನ ತೆಗೆದ ಶಾಟ್. ಅವಳು ಅವತ್ತು ಬರುವಾಗ ತರಕಾರಿ ತಂದಿದ್ದಳು. ಅದನ್ನು ಕತ್ತರಿಸಿದ ಮೇಲೆ ಚಿತ್ರ 8 ನಿಮಿಷ 20 ಸೆಕೆಂಡಿನಿಂದ 7 ನಿಮಿಷ 50ಕ್ಕೆ ಇಳಿಯಿತು. ಚೆನ್ನಾಗಿಯೂ ಆಯಿತು.

ಆಮೇಲೆ ಫಾರ್ಮ್. ಪ್ರತಿ ವರ್ಷದ ಪ್ರಕಟಣೆ ಮತ್ತು ಕೊನೆಯ ದಿನ ಆಯೋಗದ ವೆಬ್‌ಸೈಟ್‌ನಲ್ಲಿ ಬರುತ್ತದೆ, ಸಾಮಾನ್ಯವಾಗಿ ಮಳೆಗಾಲದ ಹೊತ್ತಿಗೆ. ಆಷಾಢದಲ್ಲಿ ಎಡಿಟಿಂಗ್ ಮುಗಿಸಿದರೆ ಶ್ರಾವಣದ ಮದುವೆಗಳು ಶುರುವಾಗುವ ಮೊದಲು ಕಳಿಸಬಹುದು. ಫಾರ್ಮ್ ಪೂರ್ತಿ ಓದಿ, ಹೆಸರು ಆಧಾರಿನಲ್ಲಿ ಇದ್ದ ಹಾಗೇ ಬರೆಯಿರಿ. ಒಂದಕ್ಕಿಂತ ಜಾಸ್ತಿ ಚಿತ್ರ ಇದ್ದರೆ ಒಂದೊಂದಕ್ಕೂ ಬೇರೆ ಫಾರ್ಮ್.

ಚಿತ್ರ ಹೋಗುವುದು ಗೂಗಲ್ ಡ್ರೈವ್ ಲಿಂಕ್ ಮೂಲಕ. ನನ್ನ ಮೊದಲ ಚಿತ್ರದ ಕಥೆ ಮುಗಿದದ್ದು ಇಲ್ಲೇ. ಕೊನೆಯ ದಿನ ರಾತ್ರಿ ಹನ್ನೊಂದೂವರೆಗೆ ಕಳಿಸಿ ಆರಾಮಾಗಿ ಮಲಗಿದೆ. ಎರಡು ದಿನ ಬಿಟ್ಟು ಗೆಳೆಯನೊಬ್ಬನಿಗೆ ಅದೇ ಲಿಂಕ್ ಕಳಿಸಿದರೆ ಅವನಿಗೆ ಬಂದದ್ದು 'ಅನುಮತಿ ಕೇಳಿ' ಅನ್ನುವ ಪುಟ. ಲಿಂಕ್‌ಗೆ ಬೀಗ ಹಾಗೇ ಇತ್ತು. ನನ್ನ ಡ್ರೋನ್, ಕೊಳಲು, ಪರ್ಷಿಯನ್, ಎಲ್ಲ ಒಳಗೇ ಉಳಿದಿದ್ದವು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಬಿಡಿ.

ಶೇರ್ ಮಾಡುವಾಗ 'ಲಿಂಕ್ ಇರುವ ಯಾರಾದರೂ ನೋಡಬಹುದು' ಅನ್ನುವುದನ್ನು ಆರಿಸಿ. ನಿಮ್ಮ ಫೋನಿನಲ್ಲಿ ತೆರೆದು ನೋಡಿದರೆ ಸಾಲದು, ಅದು ನಿಮ್ಮದೇ ಖಾತೆ, ತೆರೆದೇ ತೆರೆಯುತ್ತದೆ. ನಾನು ಈಗ ಮೊದಲು ಬೀದರಿನಲ್ಲಿರುವ ತಂಗಿಗೆ ಲಿಂಕ್ ಕಳಿಸುತ್ತೇನೆ. ಅವಳು ಫೋನ್ ಮಾಡಿ 'ಅಣ್ಣಾ, ಆಯಿ ರೊಟ್ಟಿ ಬಡೀಲತ್ತಾಳ, ಸಪ್ಪಳ ಬರ್ಲತ್ತದ' ಅಂದ ಮೇಲೆಯೇ ಫಾರ್ಮ್ ದೆಹಲಿಗೆ ಹೋಗುವುದು.